ನೀರಿನ ಮಟ್ಟ ಹೇಳುತ್ತಿದ್ದ ಅಕ್ಕ

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಬುಡದಿಂದ ತುದಿಯವರೆಗೆ ಒಂದು ಗೆರೆ. ಎರಡೂ ಬದಿ ಸ್ವಲ್ಪ ಮೇಲೆದ್ದು ಗಟ್ಟಿಯಾಗಿ ಹಳದಿಗಟ್ಟಿದ್ದವು. ಚಿಕ್ಕವರಿದ್ದಾಗ ಅಪ್ಪನ ಪಕ್ಕ ಕೂತು ಮೀನಿನ ಬಲೆಗೆ ಗಂಟು ಬಿಗಿದೂ ಬಿಗಿದೂ, ನೈಲಾನ್ ದಾರ ಅದೇ ಜಾಗದಲ್ಲಿ ಕೊಯ್ದು ಹಾಗಾಗಿತ್ತಂತೆ. ಕೀಬೋರ್ಡಿನ ಮೇಲೆ ಆ ಹೆಬ್ಬೆರಳನ್ನು ಅವರು ಇಡುತ್ತಲೇ ಇರಲಿಲ್ಲ. ಉಳಿದ ಒಂಬತ್ತು ಬೆರಳು ಓಡುತ್ತಿದ್ದರೆ ಅದೊಂದು ಗಾಳಿಯಲ್ಲಿ ನಿಂತಿರುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಆಫೀಸಿನ ಕೋಣೆಗೆ ಕಾಲಿಟ್ಟಾಗ ಕಣ್ಣಿಗೆ ಬಿದ್ದದ್ದು ಅದು.

ಶಹಾಪುರದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಬಾಡಿಗೆ ಕಟ್ಟಡವೊಂದರ ಮಹಡಿಯಲ್ಲಿ ನಮ್ಮ ಆಫೀಸಿತ್ತು. ಕೃಷ್ಣಾ ನದಿಯಲ್ಲಿ ನೀರು ಎಷ್ಟಿದೆ, ಮೇಲಿನಿಂದ ಎಷ್ಟು ಬರುತ್ತಿದೆ ಎಂಬುದನ್ನು ಒಂದು ವೆಬ್ ಪುಟದಲ್ಲಿ ತೋರಿಸುವುದು ನಮ್ಮ ಕೆಲಸ. ನದಿಯ ದಂಡೆಯ ಊರುಗಳಲ್ಲಿ ಹೊಳೆಗೆ ಮೋಟಾರು ಇಳಿಸಿದವರು, ಮೀನು ಹಿಡಿಯುವವರು, ನಡುಗಡ್ಡೆಗೆ ಆಡು ಮೇಯಿಸಲು ಹೋಗುವವರು ಮೊಬೈಲಿನಲ್ಲಿ ಅದನ್ನು ನೋಡುತ್ತಿದ್ದರು. ನಾನು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಬಂದವಳು. ನಾನು ಅಕ್ಕ ಎಂದು ಕರೆಯುತ್ತಿದ್ದ ಅವರು ಹತ್ತನೆಯ ತರಗತಿ ಮುಗಿಸಿ, ಟೈಪಿಂಗ್ ಕಲಿತು, ದಿನಗೂಲಿಯ ಮೇಲೆ ಸೇರಿದವರು. ಕಾಗದದ ಮೇಲೆ ಅವರು ಡೇಟಾ ಎಂಟ್ರಿ ಆಪರೇಟರ್. ಆದರೆ ಸರ್ವರ್ ನಿಂತರೆ ಎಲ್ಲರೂ ಹುಡುಕುತ್ತಿದ್ದದ್ದು ಅವರನ್ನು.

ಅವರು ಅದನ್ನು ಕಲಿತ ಬಗೆ ವಿಚಿತ್ರವಾಗಿತ್ತು. ಯಂತ್ರಗಳನ್ನು ಕೂಡಿಸಿಕೊಟ್ಟ ಕಂಪನಿಯವರು ಗುತ್ತಿಗೆ ಮುಗಿದ ಮೇಲೆ ಬರುವುದನ್ನು ನಿಲ್ಲಿಸಿದರು. ಏನಾದರೂ ಕೆಟ್ಟರೆ ಹೈದರಾಬಾದಿನಿಂದ ಒಬ್ಬ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳುತ್ತಿದ್ದ, ಅಕ್ಕ ಅದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದರು. ಉದ್ದನೆಯ ರಟ್ಟಿನ ನೋಟುಬುಕ್ಕಿನ ತುಂಬ 'ವರ್ಕರ್ ಡಾಟ್ ಒನ್ ಡಾಟ್ ಪೋರ್ಟ್' ಎಂಬಂಥ ಸಾಲುಗಳು. ಆ ಫೋನೂ ಬರದಾದಾಗ, ಯಂತ್ರವೇ ಬರೆದಿಡುವ ತಪ್ಪುಗಳ ಕಡತವನ್ನು ಡಿಕ್ಷನರಿ ಇಟ್ಟುಕೊಂಡು ಓದತೊಡಗಿದರು. ಪರದೆಯ ತುಂಬ ಕೆಂಪು ಸಾಲು ಬಂದರೆ ನಾನು ಗಾಬರಿಯಾಗುತ್ತಿದ್ದೆ. ಅವರು ಕುರ್ಚಿ ಎಳೆದುಕೊಂಡು ಪಕ್ಕ ಕೂರುತ್ತಿದ್ದರು.

"ಅದು ಬೈಯಾಕತ್ತಿಲ್ಲ ಯವ್ವಾ, ಹೇಳಾಕತ್ತದ. ಪೂರಾ ಕೇಳು ಮೊದ್ಲ."

ನೋಟುಬುಕ್ಕಿನಲ್ಲಿ ಸ್ಕೇಲಿನಿಂದ ಗೀಟು ಹಾಕಿ ಮೂರು ಕಾಲಂ ಮಾಡಿದ್ದರು. ಏನು ಬದಲಾಯಿಸಿದೆ, ಯಾಕೆ ಬದಲಾಯಿಸಿದೆ, ಯಾರು ಹೇಳಿದರು. ಕಡತದಲ್ಲಿ ಒಂದು ಚುಕ್ಕಿ ಅಳಿಸಿದರೂ ಆ ಮೂರು ಮನೆ ತುಂಬಬೇಕು. ನನಗೆ ಅದು ಹಳೆಯ ಕಾಲದ ಗುಮಾಸ್ತಿಕೆಯಂತೆ ಕಾಣುತ್ತಿತ್ತು.

ಅವರು ಸುರಪುರದ ಕಡೆಯ ಹೊಳೆದಂಡೆಯ ಊರಿನವರು. ಗಂಡ ತೀರಿಕೊಂಡ ಮೇಲೆ ಮಗಳೊಂದಿಗೆ ಸುರಪುರದಲ್ಲಿ ಮನೆ ಮಾಡಿ, ದಿನಾ ಬೆಳಗಿನ ಬಸ್ಸಿಗೆ ಶಹಾಪುರಕ್ಕೆ ಬರುತ್ತಿದ್ದರು. ಡಬ್ಬಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಊರಿನಿಂದ ಅವರ ತಮ್ಮ ಮೀನು ಕಳಿಸಿದ ಮರುದಿನ ಡಬ್ಬಿ ತೆರೆಯುವ ಮೊದಲು ಕಿಟಕಿ ತೆರೆಯುತ್ತಿದ್ದರು. ಉಳಿದವರು ಊಟಕ್ಕೆ ಕೆಳಗಿನ ಪಡಸಾಲೆಗೆ ಹೋಗುತ್ತಿದ್ದರು. ನಮ್ಮೂರು ಸಗರದಲ್ಲಿ ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ ಇದೆ ಎಂದು ಮಾತಿಗೆ ಮಾತು ಬಂದು ಹೇಳಿದ ದಿನದಿಂದ, ನನ್ನ ಡಬ್ಬಿಯ ಕಡೆಗೂ ಯಾರೂ ಕೈ ಚಾಚಲಿಲ್ಲ. ಹಾಗಾಗಿ ನಾವಿಬ್ಬರೂ ಮೇಲೆಯೇ ಉಣ್ಣತೊಡಗಿದೆವು. ಈ ಬಗ್ಗೆ ಅಕ್ಕ ಯಾವತ್ತೂ ಒಂದು ಮಾತಾಡಿದವರಲ್ಲ. ಮೀನಿನ ಮುಳ್ಳು ಬಿಡಿಸಿ ನನ್ನ ರೊಟ್ಟಿಯ ಮೇಲೆ ಇಡುತ್ತಿದ್ದರು, ಅಷ್ಟೇ.

ನಾನು ಸೇರಿದ ಎರಡನೆಯ ವರ್ಷ ಹೊಸ ಸರ್ವರ್ ಬಂತು. ನಮ್ಮಲ್ಲಿ ಇದ್ದದ್ದು ಎರಡು ಯಂತ್ರ. ಮುಂದಿನದು ವೆಬ್ ಸರ್ವರ್; ಜನರ ಮೊಬೈಲಿನಿಂದ ಬಂದ ಕೇಳಿಕೆಯನ್ನು ಅದು ತೆಗೆದುಕೊಳ್ಳುತ್ತದೆ. ಹಿಂದಿನದು ಅಪ್ಲಿಕೇಶನ್ ಸರ್ವರ್. ನದಿಯ ಮೇಲಿನ ಅಳತೆಯ ಪೆಟ್ಟಿಗೆಗಳಿಂದ ಅಂಕಿ ತರಿಸಿಕೊಂಡು ಲೆಕ್ಕ ಮಾಡಿ ಉತ್ತರ ತಯಾರಿಸುವುದು ಅದು. ಇವೆರಡರ ನಡುವೆ ಮಾತು ಸಾಗಿಸುವ ಸಣ್ಣ ತಂತ್ರಾಂಶಕ್ಕೆ ಕನೆಕ್ಟರ್ ಎನ್ನುತ್ತಾರೆ. ಅಕ್ಕ ಇದನ್ನು ಕಾಲೇಜಿನ ಯಾವ ಮೇಷ್ಟರಿಗಿಂತಲೂ ಸರಳವಾಗಿ ಹೇಳಿದ್ದರು. "ಮುಂದಿನ ಮಷಿನ್ನಿಗಿ ಸ್ವಂತದ್ದೇನೂ ಗೊತ್ತಿಲ್ಲ, ಹಿಂದಿಂದಕ್ಕ ಕೇಳಿ ಹೇಳ್ತದ. ಹಿಂದಿಂದಕ್ಕ ಎಲ್ಲಾ ಗೊತ್ತದ, ಖರೆ ಮಂದಿ ಮುಂದ ಬರಂಗಿಲ್ಲ."

ಹಿಂದಿನ ಯಂತ್ರ ಬದಲಾದ್ದರಿಂದ ಕನೆಕ್ಟರನ್ನೂ ಹೊಸದಾಗಿ ಹೊಂದಿಸಬೇಕಿತ್ತು. "ನೀ ಓದಿದಾಕಿ, ಈ ಸಲ ನೀನ ಮಾಡು" ಎಂದು ಅಕ್ಕ ಕುರ್ಚಿ ಬಿಟ್ಟುಕೊಟ್ಟರು. ಒಂದು ಗಂಟೆಯಲ್ಲಿ ಮುಗಿಸಿದೆ. ಪುಟ ತೆರೆದುಕೊಂಡಿತು. ನನಗೆ ನನ್ನ ಮೇಲೆಯೇ ಮೆಚ್ಚುಗೆ.

"ಎರಡೂ ಕಡಿ ಓದಿ ನೋಡಿದೇನು?" ಎಂದರು.

"ನೋಡೀನಿ ಅಕ್ಕಾ. ಎಷ್ಟೊತ್ತು ಕಾಯಬೇಕು ಅನ್ನೋದು ಎರಡೂ ಕಡಿ ಒಂದ ಇರಬೇಕಲ್ಲ, ಆರುನೂರು ಅಂತ ಹಾಕೀನಿ."

ಅವರು ತಲೆಯಾಡಿಸಿದರು. ನಾನು ಹೇಳಿದ್ದನ್ನು ನಂಬಿದರು.

ವಾರ ಕಳೆಯುವಷ್ಟರಲ್ಲಿ ತೊಂದರೆ ಶುರುವಾಯಿತು. ಪುಟ ಹತ್ತು ಸಲ ಸರಿಯಾಗಿ ಬಂದರೆ ಹನ್ನೊಂದನೆಯ ಸಲ 'ಸೇವೆ ಲಭ್ಯವಿಲ್ಲ' ಎಂದು ಇಂಗ್ಲಿಷಿನಲ್ಲಿ ಬರುತ್ತಿತ್ತು. ಮತ್ತೆ ಒತ್ತಿದರೆ ಸರಿ. ಅದೇ ಹೊತ್ತಿಗೆ ಅಕ್ಕನ ತಾಯಿಗೆ ಕಣ್ಣಿನ ಆಪರೇಷನ್ ಆಗಿ, ಅವರು ಎಂಟು ದಿನ ರಜೆ ಹಾಕಿ ಊರಿಗೆ ಹೋದರು. ನಮ್ಮ ಸಾಹೇಬರು ಕೆಟ್ಟವರಲ್ಲ. ಮೇಲಿನವರಿಂದ ಬರುವ ಫೋನಿಗೆ ಹೆದರುವವರು. ಎರಡು ಸಲ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಏನರ ಮಾಡವ್ವಾ. ಆ ಎರರ್ ಅನ್ನೋದು ಮಾತ್ರ ಮಂದಿ ಕಣ್ಣಿಗಿ ಬೀಳಬಾರದು."

ತಪ್ಪು ಎಲ್ಲಿದೆ ಎಂದು ಹುಡುಕುವ ತಾಳ್ಮೆ ನನಗಿರಲಿಲ್ಲ. ಸುಲಭದ ದಾರಿಯೊಂದು ಗೊತ್ತಿತ್ತು. ಹಿಂದಿನ ಸರ್ವರ್ ಉತ್ತರ ಕೊಡದಿದ್ದರೆ, ಕೊನೆಯ ಸಲ ಕೊಟ್ಟಿದ್ದ ಉತ್ತರವನ್ನೇ ತೋರಿಸು ಎಂದು ಮುಂದಿನ ಸರ್ವರಿಗೆ ಹೇಳಿಬಿಡಬಹುದು. ಒಂದು ಸಾಲು ಸಾಕು. ಹಾಕಿದೆ. ಎರರ್ ಮಾಯವಾಯಿತು. ಸಾಹೇಬರು ಎಲ್ಲರೆದುರು "ಹುಡುಗಿ ಹುಷಾರದ" ಎಂದರು. ರಜೆ ಮುಗಿಸಿ ಬಂದ ಅಕ್ಕ ಕೇಳಿದಾಗ "ಸರಿ ಮಾಡೀನಿ ಅಕ್ಕಾ" ಎಂದೆ. ಹೇಗೆ ಎಂದು ಹೇಳಲಿಲ್ಲ. ನೋಟುಬುಕ್ಕಿನಲ್ಲೂ ಬರೆಯಲಿಲ್ಲ. ಬರೆದರೆ 'ಯಾಕೆ' ಎಂಬ ಮನೆಯಲ್ಲಿ ಏನು ತುಂಬಬೇಕೆಂದು ನನಗೇ ಹೊಳೆದಿರಲಿಲ್ಲ.

ಮಳೆಗಾಲದ ಒಂದು ಬೆಳಿಗ್ಗೆ, ಆಫೀಸಿಗೆ ಬಂದು ಚೀಲ ಇಡುತ್ತಿದ್ದಂತೆ ಅಕ್ಕನ ಫೋನು ಬಡಿದುಕೊಂಡಿತು. ಅವರ ತಮ್ಮ, ಊರಿನಲ್ಲಿ ಮೀನು ಹಿಡಿಯುವವನು. ಅವನ ದನಿ ನನಗೂ ಕೇಳುವಷ್ಟು ಜೋರಾಗಿತ್ತು.

"ಅಕ್ಕಾ, ನಿಮ್ಮ ಮೊಬೈಲಿನ್ಯಾಗ ನೀರು ಕಮ್ಮಿ ಅಂತ ತೋರಿಸಾಕತ್ತದ. ಇಲ್ಲಿ ಮೂರು ಮೆಟ್ಟಲ ಮುಳುಗ್ಯಾವ!"

ಅಕ್ಕ ಪುಟ ತೆರೆದರು. ಮೇಲೆ ಅವತ್ತಿನ ತಾರೀಖು ದೊಡ್ಡದಾಗಿ ಇತ್ತು. ಆ ತಾರೀಖನ್ನು ಅಂದಕ್ಕೆಂದು ಹಾಕಿದವಳೂ ನಾನೇ. ಅದು ನೋಡುವವರ ಮೊಬೈಲಿನಿಂದಲೇ ಬರುತ್ತಿತ್ತು. ಕೆಳಗೆ ಇದ್ದ ಅಂಕಿ ಹಿಂದಿನ ಸಂಜೆ ಯಾರೋ ಕೊನೆಯ ಸಲ ಪುಟ ತೆರೆದಾಗಿನದು. ಬೆಳಗಿನ ಜಾವ ಕರೆಂಟು ಹೋಗಿ ಬಂದಿತ್ತು. ಮುಂದಿನ ಸರ್ವರ್ ತಾನಾಗಿ ಎದ್ದಿತ್ತು, ಹಿಂದಿನದು ಎದ್ದಿರಲಿಲ್ಲ. ನಿನ್ನೆಯ ನೀರು ಇವತ್ತಿನ ತಾರೀಖಿನ ಕೆಳಗೆ ಕೂತು ನಾಲ್ಕು ತಾಸಾಗಿತ್ತು.

ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿದರು. ಅರ್ಥವಾಗಿತ್ತು ಅವರಿಗೆ.

"ಮುಂದಿಂದು ಬಂದ್ ಮಾಡು."

"ಅಕ್ಕಾ, ಬಂದ್ ಮಾಡಿದ್ರ ಪುಟಾನ ಬರಂಗಿಲ್ಲ..."

"ಬರೋದು ಬ್ಯಾಡ. ಬಂದ್ ಮಾಡು. ಆಮ್ಯಾಲ ನೀ ಹಾಕಿದ್ದು ನೀನ ತಗಿ."

ದನಿ ಏರಲಿಲ್ಲ. ನಾನು ಆ ಸಾಲನ್ನು ಅಳಿಸುತ್ತಿದ್ದರೆ ಅವರು ನೋಟುಬುಕ್ಕಿನ ಹಿಂದಿನ ಹಾಳೆ ತೆರೆದು ಒಂದೊಂದೇ ಊರಿಗೆ ಫೋನ್ ಹಚ್ಚತೊಡಗಿದರು. ದಂಡೆಯ ಪ್ರತಿ ಊರಿನಲ್ಲಿ ಯಾರಿಗೆ ಹೇಳಿದರೆ ಎಲ್ಲರಿಗೂ ಮುಟ್ಟುತ್ತದೆ ಎಂದು ಅವರು ವರ್ಷಗಳಿಂದ ಬರೆದಿಟ್ಟುಕೊಂಡಿದ್ದರು; ಒಂದು ಊರಿಗೆ ಶಾಲೆಯ ಅಕ್ಕೋರು, ಇನ್ನೊಂದಕ್ಕೆ ಕಿರಾಣಿ ಅಂಗಡಿಯವನು. "ನೀರು ಬರಾಕತ್ತದ. ಮೊಬೈಲಿನ್ಯಾಗಿಂದು ನಂಬಬ್ಯಾಡ್ರಿ, ಸುಳ್ಳದ. ಹೊಳ್ಯಾಗ ಯಾರರ ಅದಾರೇನ್ರಿ?" ಇಷ್ಟನ್ನೇ ಅದೇ ಮಾತುಗಳಲ್ಲಿ ಪ್ರತಿಯೊಬ್ಬರಿಗೂ ಹೇಳಿದರು. 'ಸುಳ್ಳದ' ಎಂದಾಗಲೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ.

ಐದನೆಯ ಫೋನಿಗೆ ಉತ್ತರ ಸಿಕ್ಕಿತು. ಅಕ್ಕನ ಊರಿನ ಮಗ್ಗುಲ ಊರಿನಲ್ಲಿ ಗಂಡ ಹೆಂಡತಿ ಇಬ್ಬರು ಬೆಳಿಗ್ಗೆ ಆಡು ಹೊಡೆದುಕೊಂಡು ನಡುಗಡ್ಡೆಗೆ ಹೋಗಿದ್ದರು. ಮೊಬೈಲಿನಲ್ಲಿ ನೀರು ಕಡಿಮೆ ಇದೆ ಎಂದು ಮಗ ನೋಡಿ ಹೇಳಿದ್ದನಂತೆ. ನೀರು ಬರುವ ಸುದ್ದಿ ಸಾರುವ ಡಂಗುರದವನು ಆ ಊರಿಗೆ ಮುಟ್ಟುವಷ್ಟರಲ್ಲಿ ಅವರು ದಾಟಿಯಾಗಿತ್ತು. ಅಕ್ಕ ತಮ್ಮನಿಗೆ ಮತ್ತೆ ಫೋನ್ ಮಾಡಿದರು.

"ಹರಗೋಲ ತಗೊಂಡು ಹೋಗ್ತಿಯೇನು? ನೋಡಿ ಹೋಗು. ನಿನಗ ಆಗಂಗಿಲ್ಲ ಅನಿಸಿದ್ರ ಹೋಗಬ್ಯಾಡ, ಪೊಲೀಸರಿಗಿ ಹೇಳೀನಿ."

ಅವನು ಹೋದ. ಆಮೇಲಿನ ಎರಡು ತಾಸು ಅಕ್ಕ ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಹಿಂದಿನ ಸರ್ವರನ್ನು ಎಬ್ಬಿಸುವ ಕೆಲಸ ಮಾಡಿದರು. ಒಂದು ಆಜ್ಞೆ ಟೈಪ್ ಮಾಡುವುದು, ಫೋನಿನ ಕಡೆ ನೋಡುವುದು. ನೀರು ಕುಡಿಯಲಿಲ್ಲ. ತಮ್ಮನನ್ನು ಹೊಳೆಗೆ ಕಳಿಸಿದವರು ಅವರು, ಕಳಿಸುವಂತೆ ಮಾಡಿದವಳು ನಾನು. ಕಡೆಗೆ ಫೋನ್ ಬಂತು. ಇಬ್ಬರೂ ದಂಡೆಗೆ ಬಂದಿದ್ದರು. ಆಡುಗಳಲ್ಲಿ ಹೆಚ್ಚಿನವು ಈಜಿ, ಕೆಲವು ಹರಿಗೋಲಿನಲ್ಲಿ, ದಾಟಿದ್ದವು. ಎರಡು ಮರಿಗಳನ್ನು ನೀರು ಒಯ್ದಿತ್ತು.

ನಾನು ಅತ್ತೆ. ಅಕ್ಕ ಅಳಲು ಬಿಟ್ಟರು. ಸಂಜೆ ಬಸ್ಸಿಗೆ ಹೊರಡುವಾಗ, "ನಾಳೆ ಹಾಜರಿ ಹಾಕಿ ನನ್ನ ಜೋಡಿ ಬಾ. ಆ ಊರಿಗಿ ಹೋಗೂಣು" ಎಂದರು.

"ನಾ ಯಾಕ ಅಕ್ಕಾ?"

"ಮತ್ಯಾರು ಹೇಳಬೇಕು ಅವರಿಗಿ?"

ಮರುದಿನ ಎರಡು ಬಸ್ ಬದಲಿಸಿ, ಒಂದಿಷ್ಟು ದೂರ ಕೆಸರಿನಲ್ಲಿ ನಡೆದು ಹೋದೆವು. ಆ ಹೆಂಗಸು ದೊಡ್ಡಿಯ ಮುಂದೆ ಕೂತು ಒಂದು ಆಡಿನ ಕಾಲಿಗೆ ಅರಿಸಿಣ ಮೆತ್ತುತ್ತಿದ್ದಳು. ಅಕ್ಕ ನನ್ನನ್ನು ಮುಂದೆ ಬಿಟ್ಟು ಕಟ್ಟೆಯ ಮೇಲೆ ಕೂತರು. ನಾನು ಯಾರು, ಏನು ಮಾಡಿದೆ ಎಂಬುದನ್ನು ಹೇಗೋ ಹೇಳಿದೆ. ನಮ್ಮ ಯಂತ್ರಕ್ಕೆ ಅವತ್ತಿನ ನೀರು ಗೊತ್ತಿರಲಿಲ್ಲ, ಆದರೂ ಹಳೆಯದನ್ನೇ ತೋರಿಸುವ ಹಾಗೆ ನಾನು ಮಾಡಿಟ್ಟಿದ್ದೆ ಎಂದೆ.

ಅವಳು ಕೈ ಕೆಲಸ ನಿಲ್ಲಿಸಲಿಲ್ಲ. "ಮೂರು ತಿಂಗಳದವು ಇದ್ದವು. ನನ್ನ ಹಿಂದಿಂದನ ಬರ್ತಿದ್ದವು" ಎಂದಳು. ತಲೆಯೆತ್ತಿ ಕೇಳಿದಳು:

"ಗೊತ್ತಿಲ್ಲ ಅಂದ್ರ ಗೊತ್ತಿಲ್ಲಂತ ಯಾಕ ಬರೀಲಿಲ್ಲ ನೀನು?"

ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದು. ಸಾಹೇಬರು ಹೇಳಿದ್ದರು, ಎರರ್ ಕಂಡರೆ ಆಫೀಸಿನ ಮರ್ಯಾದೆ ಹೋಗುತ್ತಿತ್ತು, ನನಗೆ ಶಾಭಾಸ್ ಬೇಕಿತ್ತು. ಬಾಯಿಗೆ ಬಂದ ಯಾವುದನ್ನೂ ಆ ದೊಡ್ಡಿಯ ಮುಂದೆ ಹೇಳಲಾಗಲಿಲ್ಲ. "ತಪ್ಪಾಯ್ತ್ರಿ" ಎಂದೆ. ಅವಳು ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದಳು. ಅಕ್ಕ ಚಹಾ ಕುಡಿದು, ಆಡಿನ ಕಾಲು ಹಿಡಿದು ನೋಡಿ, ಅವರಿವರ ಸುದ್ದಿ ಮಾತಾಡಿ ಎದ್ದರು. ನನ್ನ ತಪ್ಪಿನ ಬಗ್ಗೆ ನನ್ನ ಪರವಾಗಿ ಒಂದು ಮಾತನ್ನೂ ಸೇರಿಸಲಿಲ್ಲ. ಅದರ ಬೆಲೆ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಅವತ್ತು ಮಾತ್ರ, ಒಬ್ಬಳನ್ನೇ ನಿಲ್ಲಿಸಿಬಿಟ್ಟರಲ್ಲ ಎಂದು ಸಿಟ್ಟು ಬಂದಿತ್ತು. ತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ನಿದ್ದೆ ಹತ್ತಿತು. ಎಚ್ಚರಾದಾಗ ನನ್ನ ತಲೆ ಅವರ ಹೆಗಲ ಮೇಲಿತ್ತು. ಅವರು ಕದಲದೆ ಕೂತಿದ್ದರು.

ವರದಿ ಬರೆಯಬೇಕಾಯಿತು. ಸಾಹೇಬರು 'ತಾಂತ್ರಿಕ ದೋಷ' ಎಂದು ಮುಗಿಸಲು ಹೇಳಿದರು. ಅಕ್ಕ ನೋಟುಬುಕ್ಕನ್ನು ನನ್ನ ಮುಂದೆ ಇಟ್ಟು, ಅಂದಿನ ತಾರೀಖಿಗೆ ಮೂರೂ ಮನೆ ತುಂಬಲು ಹೇಳಿದರು. 'ಯಾರು ಹೇಳಿದರು' ಎಂಬಲ್ಲಿ ನಾನು ಬರೆದದ್ದನ್ನು ಸಾಹೇಬರಿಗೂ ತೋರಿಸಿದರು. ಅವರು ಬಹಳ ಹೊತ್ತು ಓದಿದರು. ನನ್ನನ್ನು ಕೆಲಸದಿಂದ ತೆಗೆಯುತ್ತಾರೆ ಎಂದೇ ಅಂದುಕೊಂಡಿದ್ದೆ. "ನಾ ಹೇಳಿದ್ದು ಖರೆ" ಎಂದಷ್ಟೇ ಹೇಳಿ, ವರದಿಗೆ ಇದ್ದದ್ದು ಇದ್ದ ಹಾಗೆ ಸಹಿ ಹಾಕಿದರು. ಸಾಹೇಬರಿಗೂ ನನಗೂ ನೋಟಿಸು ಬಂತು, ಉತ್ತರ ಕೊಟ್ಟೆವು, ಮುಗಿಯಿತು.

ಆಮೇಲೆ ಕನೆಕ್ಟರಿನ ಕಡತಗಳನ್ನು ಎರಡೂ ಕಡೆಯಿಂದ ಮೊದಲಿನಿಂದ ಓದಲು ಕೂತೆವು. ಅಕ್ಕ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದುವುದು, ನಾನು ಕೈಪಿಡಿಯಲ್ಲಿ ಅರ್ಥ ಹುಡುಕುವುದು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಕಾಯುವ ಹೊತ್ತನ್ನು ಮುಂದಿನ ಸರ್ವರ್ ಸೆಕೆಂಡಿನಲ್ಲಿ ಎಣಿಸುತ್ತದೆ. ಹಿಂದಿನದು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಎಣಿಸುತ್ತದೆ. ನಾನು ಎರಡೂ ಕಡೆ ಆರುನೂರು ಬರೆದಿದ್ದೆ. ಒಂದು ಕಡೆ ಅದು ಹತ್ತು ನಿಮಿಷ, ಇನ್ನೊಂದು ಕಡೆ ಒಂದು ಸೆಕೆಂಡೂ ಅಲ್ಲ. ಹಿಂದಿನದು ಸಂಪರ್ಕ ಮುರಿದುಕೊಂಡು ಹೋಗಿದ್ದರೂ, ಮುಂದಿನದು ಅದು ಇನ್ನೂ ಇದೆ ಎಂದು ನಂಬಿ ಕೇಳುತ್ತಿತ್ತು.

ಅಕ್ಕ ಕನ್ನಡಕ ತೆಗೆದು ನಕ್ಕರು. ಆ ವಾರದಲ್ಲಿ ಮೊದಲ ಸಲ.

"ನಂಬರ್ ಒಂದ ಅದ, ಮಾತು ಬ್ಯಾರೆ ಅದ. ನಾನೂ ಕೇಳಲಿಲ್ಲ ನೋಡು, ಆರುನೂರು ಏನು ಅಂತ. ಬರಿ, ಅದನ್ನೂ ಬರಿ. ನನ್ನ ಹೆಸರು ಹಾಕು."

ಹಿಂದಿನ ಸರ್ವರಿನ ಆರುನೂರಕ್ಕೆ ಮೂರು ಸೊನ್ನೆ ಸೇರಿಸಿದೆ. ಆ ಎರರ್ ಮತ್ತೆ ಬರಲಿಲ್ಲ. ಆದರೆ ಯಂತ್ರ ಎಂದಾದರೂ ಕೆಡುವುದೇ. ಅದಕ್ಕೆಂದು ಅಕ್ಕ ಒಂದು ಹೊಸ ಪುಟ ಮಾಡಿಸಿದರು. ಹಿಂದಿನ ಸರ್ವರ್ ಉತ್ತರ ಕೊಡದಿದ್ದರೆ, ದೊಡ್ಡ ಕನ್ನಡ ಅಕ್ಷರದಲ್ಲಿ: 'ಈಗ ನದಿಯಲ್ಲಿ ಎಷ್ಟು ನೀರಿದೆ ಎಂದು ನಮಗೆ ಗೊತ್ತಿಲ್ಲ. ದಯವಿಟ್ಟು ಹೊಳೆಗೆ ಇಳಿಯಬೇಡಿ. ಫೋನ್ ಮಾಡಿ ಕೇಳಿ.'

ಸಾಹೇಬರು ಅದನ್ನು ನೋಡಿ ತಲೆ ಕೆರೆದುಕೊಂಡರು. "ಸರ್ಕಾರಿ ಪುಟದಾಗ ಗೊತ್ತಿಲ್ಲ ಅಂತ ಬರೀತಾರೇನ್ರಿ?"

"ಗೊತ್ತಿಲ್ಲದಾಗ ಬರೀತಾರ್ರಿ ಸಾಹೇಬ್ರ."

ಪುಟ ಉಳಿಯಿತು. ನಾನು ಅಲ್ಲಿದ್ದಷ್ಟು ವರ್ಷ ಅದು ನಾಲ್ಕೈದು ಸಲ ಕಾಣಿಸಿಕೊಂಡಿತು. ಪ್ರತಿ ಸಲ ಅಕ್ಕನ ಮೇಜಿನ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು, ಅವರು ಒಬ್ಬೊಬ್ಬರಿಗೂ ಬೇಸರವಿಲ್ಲದೆ ಉತ್ತರ ಹೇಳುತ್ತಿದ್ದರು.

ಮುಂದೆ ಆ ಕೆಲಸವೆಲ್ಲ ದೊಡ್ಡ ಕೇಂದ್ರವೊಂದಕ್ಕೆ ಹೋಯಿತು. ಶಹಾಪುರದ ಕೋಣೆಗಳನ್ನು ಖಾಲಿ ಮಾಡಿದರು. ನನಗೆ ಯಾದಗಿರಿಯಲ್ಲಿ ಕಾಯಂ ನೌಕರಿ ಸಿಕ್ಕಿತು. ಸೈದಾಪುರದ ಕಡೆಗೆ ಮದುವೆಯೂ ಆಯಿತು. ಅಕ್ಕನ ದಿನಗೂಲಿಯ ಕೆಲಸವನ್ನು ಮುಂದುವರಿಸಲಿಲ್ಲ. ಅವರಿಗೆ ಆಗ ಐವತ್ತು ದಾಟಿತ್ತು. ಸುರಪುರದ ಮನೆ ಬಿಟ್ಟು ಊರಿಗೆ ಹೋದರು. ಫೋನ್ ಮಾಡಿದಾಗಲೆಲ್ಲ ನನ್ನ ಕೆಲಸದ್ದನ್ನೇ ಕೇಳುತ್ತಿದ್ದರು. ಯಾವ ಸರ್ವರ್, ಯಾವ ಆವೃತ್ತಿ, ಕಡತ ಎಲ್ಲಿಡುತ್ತಾರೆ. ಹೊಟ್ಟೆಯಲ್ಲಿ ಗಡ್ಡೆಯಾಗಿದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಕಲಬುರಗಿಯ ದವಾಖಾನೆಗೆ ಮೂರು ಸಲ ಹೋಗಿ ಬಂದ ಮೇಲೆ ಮಗಳಿಂದ ತಿಳಿಯಿತು. ನೋಡಲು ಹೋದೆ. ಸೊರಗಿದ್ದರು. ನನ್ನ ಮಗನನ್ನು ಪಕ್ಕದಲ್ಲಿ ಮಲಗಿಸಿಕೊಂಡು, ಅವನ ಕಾಲ್ಬೆರಳು ಎಣಿಸುತ್ತ ಸಂಜೆಯವರೆಗೆ ಮಾತಾಡಿದರು. ಆಮೇಲೆ ಹತ್ತು ದಿನ ಇದ್ದರು.

ಮಣ್ಣಿಗೆ ಹೋದಾಗ ಆ ಮನೆಯ ಅಂಗಳದಲ್ಲಿ ನನಗೆ ಪರಿಚಯದವರು ಯಾರೂ ಕಾಣಲಿಲ್ಲ. ಮಗಳು ಒಳಗಿದ್ದಳು, ಅಕ್ಕನ ತಮ್ಮ ಆಚೆ ಗಂಡಸರ ನಡುವೆ ಇದ್ದ. ಬಾಗಿಲ ಹತ್ತಿರ ಚಾಪೆಯ ಮೇಲೆ ಕೂತಿದ್ದ ಹೆಂಗಸರಲ್ಲಿ ಒಬ್ಬ ಮುದುಕಿ, ಗೋಡೆಗೆ ಒರಗಿ ನಿಂತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು.

"ನೀ ಆಕಿಗಿ ಏನಾಗಬೇಕವ್ವಾ?"

ರಕ್ತಸಂಬಂಧ ಅಲ್ಲ, ಜಾತಿ ಒಂದಲ್ಲ, ಊರು ಒಂದಲ್ಲ.

"ನನಗ ಕೆಲಸ ಕಲಿಸಿದಾರ್ರಿ" ಎಂದೆ.

ಮುದುಕಿ ತೊಡೆಯ ಮೇಲಿದ್ದ ಕೂಸನ್ನು ಎತ್ತಿ ಪಕ್ಕದವಳ ಕೈಗೆ ಕೊಟ್ಟಳು. ಸ್ವಲ್ಪ ಆಚೆ ಸರಿದಳು. ಚಾಪೆಯ ಮೇಲೆ ಅಂಗೈ ತಟ್ಟಿ, "ಹಂಗಾದ್ರ ಹೊರಗ್ಯಾಕ ನಿಂತಿ? ಇಲ್ಲಿ ಬಾ, ಮನ್ಯಾರ ಜೋಡಿ ಕೂಡು" ಎಂದಳು.

ನಾನು ಚಪ್ಪಲಿ ಬಿಟ್ಟು ಹೋಗಿ ಅವರ ನಡುವೆ ಕೂತೆ.